ಗರುಡ ಎಂಬ ಹಕ್ಕಿ

ಕೊಡಚಾದ್ರಿಯ ಕಡೆಯಿಂದ ಇಳಿದು ಕೊಲ್ಲೂರು ದಾಟಿ ಬರುವ ಸೌಪರ್ಣಿಕೆ ಮರವಂತೆಯಲ್ಲಿ ಇನ್ನೇನು ಕಡಲು ಮುಟ್ಟಿತು ಅನ್ನುವಷ್ಟರಲ್ಲಿ ತೆಂಕಣಕ್ಕೆ ತಿರುಗಿಬಿಡುತ್ತದೆ. ಒಂದು ಮಗ್ಗುಲಿಗೆ ಹೊಳೆ, ಇನ್ನೊಂದು ಮಗ್ಗುಲಿಗೆ ಕಡಲು, ನಡುವೆ ಹೆದ್ದಾರಿ. ಮುಂದೆ ತೆಂಗಿನ ತೋಟಗಳ, ಕಾಂಡ್ಲಾ ಪೊದೆಗಳ ಬದಿಯಲ್ಲಿ ಸಾಗಿ, ಗಂಗೊಳ್ಳಿಯಲ್ಲಿ ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಹೊಳೆಗಳನ್ನು ಕೂಡಿಕೊಂಡು ಪಂಚಗಂಗಾವಳಿ ಎನಿಸಿ ಅಳಿವೆ ಸೇರುತ್ತದೆ. ಸುಪರ್ಣ ಎಂದರೆ ಗರುಡ. ತಾಯಿ ವಿನತೆಯ ದುಃಖ ಕಳೆಯಲೆಂದು ಅವನು ಈ ಹೊಳೆಯ ದಡದಲ್ಲಿ ತಪಸ್ಸು ಮಾಡಿದನೆಂದು ಕೊಲ್ಲೂರಿನ ಸ್ಥಳಪುರಾಣ ಹೇಳುತ್ತದೆ. ದೇವಸ್ಥಾನದ ಹತ್ತಿರ ಗರುಡ ಗುಹೆಯನ್ನೂ ತೋರಿಸುತ್ತಾರೆ. ಆದರೆ ಗರುಡನನ್ನು ಕಣ್ಣಾರೆ ನೋಡಬೇಕೆಂದರೆ ಮೇಲಿನ ಕಾಡಿಗಿಂತ ಕೆಳಗಿನ ಗಂಗೊಳ್ಳಿಯ ಮೀನು ಬಂದರೇ ವಾಸಿ.

ಬೆಳಿಗ್ಗೆ ಬೋಟುಗಳು ದಕ್ಕೆಗೆ ತಾಗಿ ಮೀನು ಇಳಿಸುವ ಹೊತ್ತಿಗೆ ಕಾಗೆ, ಹದ್ದು, ಗರುಡ ಮೂರೂ ಹಾಜರಿರುತ್ತವೆ. ಕಾಗೆಗೆ ಯಾರ ಹಂಗೂ ಇಲ್ಲ. ಹದ್ದು ಜನರ ತಲೆಯ ಮೇಲಿಂದಲೇ ನುಗ್ಗಿ ಬುಟ್ಟಿಗೆ ಕಾಲು ಹಾಕುತ್ತದೆ. ಗರುಡ ಮಾತ್ರ ಅಷ್ಟು ದೂರದಲ್ಲಿ, ನೀರಿನ ಮೇಲೆ, ತನ್ನ ಪಾಡಿಗೆ ಸುತ್ತು ಹಾಕುತ್ತಿರುತ್ತದೆ. ಬೋಟು ತೊಳೆದ ನೀರಿನ ಜತೆ ಒಂದು ಸಣ್ಣ ಮೀನು ತೇಲಿ ಬಂತೋ, ಓರೆಯಾಗಿ ಜಾರಿ ಬಂದು, ಬರೀ ಕಾಲು ಅದ್ದಿ, ಎತ್ತಿಕೊಂಡು ಹೋಗುತ್ತದೆ. ಮೈಗೆ ಹನಿ ತಾಗುವುದಿಲ್ಲ. ಬೂತಾಯಿಯಷ್ಟು ಸಣ್ಣದಾದರೆ ಎಲ್ಲೂ ಕೂರುವುದೇ ಇಲ್ಲ. ಹಾರುತ್ತಲೇ ಹಿಡಿದ ಕಾಲನ್ನು ಮುಂದೆ ತಂದು, ಕತ್ತು ಬಗ್ಗಿಸಿ, ಹರಿದು ಹರಿದು ತಿನ್ನುತ್ತದೆ. ಬೈನಾಕ್ಯುಲರಿನಲ್ಲಿ ನೋಡಿದರೆ ಆ ಕೆಲಸದ ಅಚ್ಚುಕಟ್ಟು ಕಾಣುತ್ತದೆ: ರೆಕ್ಕೆಗಳೆರಡೂ ನೆಟ್ಟಗೆ ಚಾಚಿಕೊಂಡು ಗಾಳಿಯನ್ನು ನೆಚ್ಚಿವೆ, ಬಾಲ ಮಾತ್ರ ಆಚೆ ಈಚೆ ವಾಲುತ್ತ ದಾರಿ ತಿದ್ದುತ್ತಿದೆ, ಮೀನಿನ ಮೈಯಿಂದ ಎರಡು ಮೂರು ಬೆಳ್ಳಿ ಚೂರು ಉದುರಿ ಬೀಳುತ್ತವೆ. ಬಂಗುಡೆ ಸಿಕ್ಕರೆ ಬಲೆ ಒಣಹಾಕುವ ಗಳದ ಮೇಲೋ ತೆಂಗಿನ ಸೋಗೆಯ ಮೇಲೋ ಕೂತು ಊಟ.

ಇಷ್ಟು ಚೆಂದದ ಹಕ್ಕಿಯ ಕೂಗು ಮಾತ್ರ ಹಸಿದ ಕೂಸು ಮೂಗಿನಲ್ಲಿ ರಾಗ ಎಳೆದ ಹಾಗೆ. ವಿಷ್ಣುವಿನ ವಾಹನದ ಗಂಟಲಿನಿಂದ ಇಂಥ ದನಿಯನ್ನು ಯಾರೂ ನಿರೀಕ್ಷಿಸಿರಲಾರರು. ಇನ್ನೊಂದು ಹಕ್ಕಿ ಹಿಡಿದದ್ದನ್ನು ಅಟ್ಟಿಸಿಕೊಂಡು ಹೋಗಿ ಕಿತ್ತುಕೊಳ್ಳುವುದರಲ್ಲೂ ಇದಕ್ಕೆ ಸಂಕೋಚವಿಲ್ಲ. ಸತ್ತ ಮೀನು, ಏಡಿ, ಕಸಾಯಿಖಾನೆಯ ಚೂರು ಯಾವುದಾದರೂ ಆದೀತು.

ಗುರುತು ಹಿಡಿಯುವುದು ಸುಲಭ. ತಲೆ, ಕುತ್ತಿಗೆ, ಎದೆ ಬಿಳಿ; ಉಳಿದದ್ದೆಲ್ಲ ಹುಣಸೆ ಬೀಜದ ಬಣ್ಣ; ರೆಕ್ಕೆಯ ತುದಿ ಕಪ್ಪು. ಹತ್ತಿರ ಬಂದರೆ ಆ ಬಿಳಿಯೂ ಪೂರಾ ಬಿಳಿಯಲ್ಲ, ಒಂದೊಂದು ಪುಕ್ಕದ ನಡುವೆ ಪೆನ್ಸಿಲಿನಲ್ಲಿ ಎಳೆದಂಥ ಕಪ್ಪು ಗೆರೆ ಇರುವುದು ತಿಳಿಯುತ್ತದೆ. ಉದ್ದ ಸುಮಾರು ಅರ್ಧ ಮೀಟರು, ರೆಕ್ಕೆ ಚಾಚಿದರೆ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು. ಹದ್ದಿನ ಬಾಲ ನಡುವೆ ಕವಲೊಡೆದಿರುತ್ತದೆ, ಗರುಡನದ್ದು ದುಂಡಗೆ. ಬೆಳಕಿಗೆ ಎದುರಾಗಿ ಬಣ್ಣ ಕಾಣದಿದ್ದಾಗ ನಾನು ಬಾಲವನ್ನೇ ನೋಡುವುದು.

ತೊಡಕು ಇರುವುದು ಮರಿಗಳಲ್ಲಿ. ಗೂಡು ಬಿಟ್ಟ ಮರಿಯ ಮೈಯೆಲ್ಲ ಕಂದು, ಎದೆಯ ಮೇಲೆ ಮಾಸಲು ಗೆರೆಗಳು. ದೂರಕ್ಕೆ ಹದ್ದೇ. ಬಿಳಿ ಎದೆ, ಕೆಂಪು ಬೆನ್ನು ಪೂರ್ತಿ ಬರಲು ಎರಡು ಮೂರು ವರ್ಷ ಬೇಕು. ದಕ್ಕೆಯ ಹತ್ತಿರ ಮೀನು ಆರಿಸುತ್ತಿದ್ದ ಹಿರಿಯರೊಬ್ಬರು ಬಿಳಿ ಎದೆಯ ಹಕ್ಕಿ ತಲೆಯ ಮೇಲೆ ಹಾದಾಗಲೆಲ್ಲ ಕೈ ಒರೆಸಿಕೊಂಡು ಕೆನ್ನೆ ಮುಟ್ಟಿಕೊಳ್ಳುತ್ತಿದ್ದರು. ಅದರ ಹಿಂದೆಯೇ ರಾಗ ಎಳೆಯುತ್ತ ಬಂದ ಕಂದು ಹಕ್ಕಿಯನ್ನು ತೋರಿಸಿ, ಇದಕ್ಕೆ ಯಾಕೆ ನಮಸ್ಕಾರ ಇಲ್ಲ ಎಂದು ಕೇಳಿದೆ.

"ಅದ್ ಗರುಡ ಅಲ್ಲ ಮಾರ್ರೆ, ಹದ್ದ್."

"ಅದು ಇದರದ್ದೇ ಮರಿ ಅಮ್ಮ."

ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ಒಂದು ಗಳಿಗೆ ನೋಡಿದರು. "ಆಯ್ತ್. ಬಿಳಿ ಆಯ್ಲಿ, ಆಗ ಕೈ ಮುಗ್ದ್ರಾಯ್ತ್" ಎಂದು ಬುಟ್ಟಿಯ ಕಡೆ ತಿರುಗಿದರು.

ಈ ಮಾತಿನಲ್ಲಿ ನನಗೆ ಹೊಸದೊಂದು ಕಂಡಿತು. ನಾವು ಹಕ್ಕಿ ನೋಡುವವರು ಹೆಸರನ್ನು ಜಾತಿಗೆ ಕೊಡುತ್ತೇವೆ. ಮೊಟ್ಟೆಯೊಳಗಿದ್ದರೂ ಅದು ಗರುಡ. ಅವರ ಲೆಕ್ಕದಲ್ಲಿ ಗರುಡ ಒಂದು ಪದವಿ. ಬಣ್ಣ ಬರಬೇಕು, ವಯಸ್ಸಾಗಬೇಕು, ಆಮೇಲೆ ಹೆಸರು. ಈ ಹೆಸರಿನ ಚರಿತ್ರೆ ನೋಡಿದರೆ ಅವರ ಲೆಕ್ಕವೇ ಹಳೆಯದು ಅನ್ನಿಸುತ್ತದೆ. ಹೆಸರು ಮೊದಲು ಹುಟ್ಟಿತು. ಹಕ್ಕಿಯನ್ನು ಅದು ಆಮೇಲೆ ಹುಡುಕಿಕೊಂಡಿತು, ಅದೂ ಒಂದನ್ನಲ್ಲ.

ಋಗ್ವೇದದ ಮೊದಲ ಮಂಡಲದಲ್ಲಿ, ದೀರ್ಘತಮಸ್ ಋಷಿಯ 164ನೇ ಸೂಕ್ತದಲ್ಲಿ 'ಗರುತ್ಮಾನ್' ಬರುತ್ತಾನೆ. ರೆಕ್ಕೆಯುಳ್ಳವನು, ಆಕಾಶದ ಸುಪರ್ಣ. ಇಂದ್ರ, ಮಿತ್ರ, ವರುಣ, ಅಗ್ನಿ ಎಂದು ಹಲವು ಹೆಸರಿನಿಂದ ಕರೆಸಿಕೊಳ್ಳುವ ಒಂದೇ ತತ್ವದ ಪಟ್ಟಿಯಲ್ಲಿ ಅವನೂ ಒಬ್ಬ. ಅಲ್ಲಿ ಕೊಕ್ಕಿಲ್ಲ, ಉಗುರಿಲ್ಲ, ಹಾವಿನ ಸುದ್ದಿಯಿಲ್ಲ. ಸೋಮವನ್ನು ಸ್ವರ್ಗದಿಂದ ತರುವ ಹಕ್ಕಿಯೇನೋ ನಾಲ್ಕನೇ ಮಂಡಲದಲ್ಲಿದೆ, ಆದರೆ ಅದರ ಹೆಸರು ಶ್ಯೇನ. ಗರುಡನಿಗೆ ಆಮೇಲೆ ಪರ್ಯಾಯ ನಾಮವಾದ ತಾರ್ಕ್ಷ್ಯ ಅಲ್ಲಿ ರಥದ ಜತೆಗೆ ಹೇಳಿಸಿಕೊಳ್ಳುವ, ಕುದುರೆಯ ಗುಣದ ದೇವತೆ. ಬ್ರಾಹ್ಮಣ ಗ್ರಂಥಗಳಿಗೆ ಬಂದರೆ ಕದ್ರೂ ಮತ್ತು ಸುಪರ್ಣಿಯರ ಪಣದ ಕಥೆ ಕಾಣಿಸಿಕೊಳ್ಳುತ್ತದೆ. ಸೋತ ಸುಪರ್ಣಿಯನ್ನು ಬಿಡಿಸಲು ಸೋಮ ತರಬೇಕು. ತರಲು ಹಾರುವುದು ಯಾರು ಗೊತ್ತೆ? ಛಂದಸ್ಸುಗಳು. ಅವುಗಳಲ್ಲಿ ಗೆದ್ದು ಬರುವುದು ಗಾಯತ್ರಿ. ಹಕ್ಕಿಯಾಗಿ ಹಾರಿದ್ದು ಒಂದು ಪದ್ಯದ ಅಳತೆ!

ಬೆಳಕು, ಕುದುರೆ, ಗಿಡುಗ, ಛಂದಸ್ಸು ಇವೆಲ್ಲ ಒಂದು ಮೈಗೆ ಸೇರಿ ನಮಗೆ ಗೊತ್ತಿರುವ ಗರುಡನಾಗುವುದು ಮಹಾಭಾರತದ ಆದಿಪರ್ವದಲ್ಲಿ, ಆಸ್ತೀಕನ ಕಥೆಯ ನಡುವೆ. ತಾಯಿಯ ದಾಸ್ಯ ಬಿಡಿಸಲು ಹೊರಟವನು ದಾರಿಯಲ್ಲಿ ಒಂದು ಮರದ ಕೊಂಬೆಯ ಮೇಲೆ ಇಳಿಯುತ್ತಾನೆ, ಕೊಂಬೆ ಮುರಿಯುತ್ತದೆ. ನೋಡಿದರೆ ಅದರಲ್ಲಿ ಹೆಬ್ಬೆಟ್ಟಿನಷ್ಟು ಗಾತ್ರದ ವಾಲಖಿಲ್ಯ ಋಷಿಗಳು ತಲೆಕೆಳಗಾಗಿ ತೂಗಾಡುತ್ತ ತಪಸ್ಸು ಮಾಡುತ್ತಿದ್ದಾರೆ. ಅವರು ಬೀಳಬಾರದೆಂದು ಕೊಂಬೆಯನ್ನೇ ಕೊಕ್ಕಿನಲ್ಲಿ ಕಚ್ಚಿಕೊಂಡು, ಎಲ್ಲಿ ಇಳಿಸುವುದೆಂದು ತಿಳಿಯದೆ ಹಾರುತ್ತಾನೆ. ಗುರುವಾದ ಭಾರ ಹೊತ್ತು ಹಾರಿದವನು, ಅದಕ್ಕೇ ಗರುಡ ಎಂದು ಅಲ್ಲೇ ಹೆಸರಿನ ವಿವರಣೆಯೂ ಸಿಗುತ್ತದೆ. ವ್ಯಾಕರಣ ಬಲ್ಲವರು ಇದನ್ನು ಒಪ್ಪುವುದಿಲ್ಲ. 'ಗೄ' ಎಂಬ ಧಾತುವಿನಿಂದ ಬಂದದ್ದು, ನುಂಗುವವನು ಎಂದರ್ಥ ಎನ್ನುತ್ತಾರೆ. ನನಗೆ ಕೊಂಬೆಯ ಕಥೆಯ ಮೇಲೆಯೇ ಪ್ರೀತಿ. ಡಿಸೆಂಬರಿನಿಂದ ಈಚೆಗೆ ಅಳಿವೆಯ ಮೇಲೆ ಗರುಡಗಳು ತಮ್ಮ ಮೈಗಿಂತ ಉದ್ದದ ಕಡ್ಡಿ ಹೊತ್ತು, ಗಾಳಿಗೆ ಅಡ್ಡಾಡುತ್ತ, ಗೂಡಿನ ಮರ ಹುಡುಕಿ ಹೋಗುವುದನ್ನು ನೋಡಿದವರಿಗೆ ಆ ಕವಿ ಏನು ಕಂಡಿದ್ದನೆಂದು ಊಹಿಸಲು ಕಷ್ಟವಿಲ್ಲ. ಆದರೆ ಇವು ಕಡ್ಡಿಯನ್ನು ಕೊಕ್ಕಿಗಿಂತ ಹೆಚ್ಚಾಗಿ ಕಾಲಲ್ಲೇ ಒಯ್ಯುತ್ತವೆ.

ಮುಂದೆ ಹೆಸರು ಹಕ್ಕಿಗಳನ್ನು ಬಿಟ್ಟು ಕಲ್ಲಿಗೆ ಹೋಯಿತು. ಮಧ್ಯಪ್ರದೇಶದ ವಿದಿಶೆಯ ಹತ್ತಿರ ಬೆಸನಗರದಲ್ಲಿ ಒಂದು ಕಂಬವಿದೆ. ತಕ್ಷಶಿಲೆಯ ಗ್ರೀಕ್ ರಾಜ ಅಂತಿಯಾಲ್ಕಿದಾಸನ ರಾಯಭಾರಿ ಹೆಲಿಯೊಡೋರಸ್ ಕ್ರಿ.ಪೂ. 2ನೇ ಶತಮಾನದ ಕೊನೆಯಲ್ಲಿ ನಿಲ್ಲಿಸಿದ, ವಾಸುದೇವನ ಗರುಡಧ್ವಜ ಅದು. ಕಂಬದ ಮೇಲಿದ್ದ ಗರುಡ ಇಂದು ಇಲ್ಲ. ಊರಿನವರು ಅದನ್ನು ಖಾಂಬ ಬಾಬಾ ಎಂದು ಕರೆದು ಬೇರೆಯೇ ಲೆಕ್ಕದಲ್ಲಿ ಪೂಜಿಸಿದರು. ಗುಪ್ತರ ನಾಣ್ಯದಲ್ಲಿ, ನಮ್ಮ ರಾಷ್ಟ್ರಕೂಟರ ತಾಮ್ರಪಟದ ಮುದ್ರೆಯಲ್ಲಿ ಗರುಡ ಕೂತ. ಹೊಯ್ಸಳರ ಕಾಲಕ್ಕೆ ಬಂದಾಗ ಅವನು ಮನುಷ್ಯನೇ ಆಗಿಬಿಟ್ಟ. ಗರುಡ ಎಂದರೆ ರಾಜನ ಪ್ರಾಣದ ಜತೆ ತನ್ನ ಪ್ರಾಣ ಕಟ್ಟಿಕೊಂಡ ಅಂಗರಕ್ಷಕ. ಒಡೆಯ ಸತ್ತರೆ ತಾನೂ ಉಳಿಯುವಂತಿಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬದಿಯ ಗರುಡಗಂಬವನ್ನು ಸುತ್ತು ಬಂದು ನೋಡಿ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ, ಅವರ ಸಂಗಡಿಗರು ಹಾಗೆ ಪ್ರಾಣ ಬಿಟ್ಟ ನೆನಪಿಗೆ ನಿಂತದ್ದು. ಕತ್ತಿ ಹಿಡಿದು ತಮ್ಮ ತಲೆಯನ್ನು ತಾವೇ ಕೊಟ್ಟುಕೊಳ್ಳುವ ಮನುಷ್ಯರನ್ನು ಅದರ ಮೇಲೆ ಕಡೆದಿದ್ದಾರೆ. ಹೆಚ್ಚಿನ ಪ್ರವಾಸಿಗರು ದೇವಾಲಯದ ಗೋಡೆಯ ಆನೆಗಳನ್ನು ನೋಡಿ ಮುಂದೆ ಹೋಗುತ್ತಾರೆ. ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ರಥವೂ ಗರುಡನ ಗುಡಿಯೇ. 50 ರೂಪಾಯಿಯ ನೋಟಿನ ಹಿಂಬದಿಯಲ್ಲಿ ನಾವೆಲ್ಲ ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದೇವೆ.

ಕಲ್ಲಿನಿಂದ ಮತ್ತೆ ಜೀವಕ್ಕೆ. ನಮ್ಮ ಸೀಮೆಯ ಎಷ್ಟೋ ಊರುಗಳಲ್ಲಿ ತೇರು ಎಳೆಯುವ ದಿನ ಜನ ಆಕಾಶ ನೋಡಿಕೊಂಡು ನಿಂತಿರುತ್ತಾರೆ. ಗರುಡ ಬಂದು ತೇರಿಗೆ ಪ್ರದಕ್ಷಿಣೆ ಹಾಕಬೇಕು, ಆಮೇಲೆ ಹಗ್ಗಕ್ಕೆ ಕೈ. ಬಾರದೆ ಹೋಯಿತೆಂದು ಕೇಳುವುದು ಬಹಳ ಕಡಿಮೆ. ಇದರಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಹೊತ್ತಿನ ಕಾರಣಕ್ಕೆ. ತೇರಿನ ಮುಹೂರ್ತ ಬಹಳ ಕಡೆ ಅಭಿಜಿನ್ ಲಗ್ನ, ಅಂದರೆ ನಡುಮಧ್ಯಾಹ್ನದ ಆಸುಪಾಸು. ಅಳಿವೆಯ ದಂಡೆಯಲ್ಲಿ ಕೂತು ಗಮನಿಸಿದರೆ ಬೆಳಿಗ್ಗೆಯೆಲ್ಲ ಗರುಡ ನೀರಿನ ಮೇಲೆ ತೆಂಗಿನ ಮರದಷ್ಟು ಎತ್ತರದಲ್ಲಿ, ರೆಕ್ಕೆ ಬಡಿಯುತ್ತ, ದುಡಿಯುತ್ತಿರುತ್ತದೆ. ಹತ್ತು ಗಂಟೆ ದಾಟಿ ನೆಲ ಕಾದು ಬಿಸಿ ಗಾಳಿ ಮೇಲೇಳತೊಡಗಿದ ಮೇಲೆ ಅದರ ನಡವಳಿಕೆಯೇ ಬೇರೆ. ದಂಡೆಯ ಕಡೆ ಬರುತ್ತದೆ, ಏಳುವ ಗಾಳಿಯ ಕಂಬವೊಂದನ್ನು ಹುಡುಕಿಕೊಳ್ಳುತ್ತದೆ, ರೆಕ್ಕೆ ಆಡಿಸದೆ ಸುತ್ತು ಸುತ್ತಿ ಮೇಲೇರುತ್ತದೆ. ಒಂದು ಏರಿದರೆ ಅಕ್ಕಪಕ್ಕದವೂ ಅದೇ ಕಂಬಕ್ಕೆ ಬರುತ್ತವೆ. ಬಯಲಿನಲ್ಲಿ ಕಾದ ಕಲ್ಲು ಹಾಸು, ಓಡಾಡುವ ಜನ, ಚೆಲ್ಲಿದ ಊಟ ಇರುವ ಕಡೆ, ಅಂದರೆ ರಥಬೀದಿಯ ಮೇಲೆ, ಹನ್ನೆರಡು ಗಂಟೆಗೆ ಸುತ್ತುವ ಹಕ್ಕಿ ಸಿಗದಿದ್ದರೆ ಅದೇ ಸೋಜಿಗ.

ಹಾಗೆಂದು ಮುಹೂರ್ತ ಇಟ್ಟವರನ್ನು ಹಗುರವಾಗಿ ಕಾಣುವ ಹಾಗಿಲ್ಲ. ಕೇರಳದ ಎರುಮೇಲಿಯಲ್ಲಿ ಶಬರಿಮಲೆಯ ಯಾತ್ರೆಗೆ ಮುನ್ನ ನಡೆಯುವ ಪೇಟ್ಟತುಳ್ಳಲ್ ಕುಣಿತದಲ್ಲಿ ಅಂಬಲಪ್ಪುಳ ತಂಡ ಹೊರಡುವುದು ಮಧ್ಯಾಹ್ನ ಆಕಾಶದಲ್ಲಿ ಕೃಷ್ಣಪ್ಪರುಂದು ಕಂಡ ಮೇಲೆ. ಅದೂ ಇದೇ ಹಕ್ಕಿ. ಹಕ್ಕಿ ಯಾವ ಹೊತ್ತಿಗೆ ಮೇಲೇರುತ್ತದೆಂಬುದನ್ನು ಯಾರೋ ಬಹಳ ಹಿಂದೆಯೇ ಕೂತು ನೋಡಿದ್ದಾರೆ; ನೋಡಿ, ಅದನ್ನು ಬರೆದಿಡುವ ಬದಲು ಹಬ್ಬದೊಳಗೆ ಸೇರಿಸಿಬಿಟ್ಟಿದ್ದಾರೆ. ನನ್ನ ಟಿಪ್ಪಣಿ ಪುಸ್ತಕಕ್ಕಿಂತ ಅದು ಹೆಚ್ಚು ಬಾಳಿಕೆಯ ಕ್ರಮ.

ಹೆಸರಿಗೂ ಹಕ್ಕಿಗೂ ಹೊಂದದೆ ಇರುವುದು ಹಾವಿನ ವಿಷಯದಲ್ಲಿ. ಗರುಡನೆಂದರೆ ನಾಗಗಳ ವೈರಿ. ಕುಕ್ಕೆ ಸುಬ್ರಹ್ಮಣ್ಯದ ಬಿಲದ್ವಾರದಲ್ಲಿ ವಾಸುಕಿ ಅಡಗಿಕೊಂಡದ್ದೇ ಅವನ ಭಯಕ್ಕೆ. ಆದರೆ ಬಂದರಿನ ನಮ್ಮ ಗರುಡ ಹಾವು ಹಿಡಿದದ್ದನ್ನು ಕಾಣುವುದು ಅಪರೂಪ; ಮೀನು, ಏಡಿ, ಕಪ್ಪೆ ಸಿಕ್ಕುವಾಗ ಆ ಉಸಾಬರಿ ಅದಕ್ಕೆ ಬೇಡ. ಹಾವನ್ನೇ ಊಟ ಮಾಡಿಕೊಂಡ ಹಕ್ಕಿಗಳು ಬೇರೆ ಇವೆ. ಘಟ್ಟದ ಕಾಡಿನಲ್ಲಿ ತಲೆಗೆ ಜುಟ್ಟು, ಕಣ್ಣಿನ ಹತ್ತಿರ ಹಳದಿ ಚರ್ಮ ಇರುವ ಸರ್ಪಹದ್ದು ತೊರೆಯ ಬದಿಯ ಒಣ ಕೊಂಬೆಯ ಮೇಲೆ ಗಂಟೆಗಟ್ಟಲೆ ಕೂರುತ್ತದೆ. ಕೊಲ್ಲೂರಿನ ಕಾಡಿನ ಮೇಲೆ, ಸೌಪರ್ಣಿಕೆಯ ನೆತ್ತಿಯಲ್ಲಿ, ಕ್ಲೀ ಕ್ಲೀ ಎಂದು ಎತ್ತರದಲ್ಲಿ ಕೂಗುತ್ತ ಸುತ್ತುವುದು ಅದೇ. ಕಾಲಿನ ಮೇಲೆ ಹಲ್ಲಿಯ ಚರ್ಮದಂಥ ದಪ್ಪ ಹುರುಪೆ, ಹಾವು ಕಚ್ಚಿದರೂ ತಡೆಯುವಂಥದ್ದು. ಕಡಲಲ್ಲಿ ಇನ್ನೊಂದು, ಬಿಳಿ ಹೊಟ್ಟೆಯ ಕಡಲಹದ್ದು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪ ಅದರ ಗೂಡುಗಳಿಗೆ ಹಿಂದಿನಿಂದ ಹೆಸರಾಗಿದೆ. ಅದು ಕಡಲ ಹಾವನ್ನು ಹಿಡಿದು ತರುವುದುಂಟು. ಪುರಾಣದ ವರ್ಣನೆಯನ್ನು ಮುಂದಿಟ್ಟು ಗುಣ ನೋಡಿ ಹೆಸರು ಕೊಡುವುದಾದರೆ ಈ ಎರಡರಲ್ಲಿ ಒಂದಕ್ಕೆ ಗರುಡ ಪಟ್ಟ ಹೋಗಬೇಕಿತ್ತು. ಹೋಗಲಿಲ್ಲ. ಕಾಡಿನದ್ದು ಮನೆಯಿಂದ ದೂರ, ದ್ವೀಪದ್ದು ಇನ್ನೂ ದೂರ. ಕೈ ಮುಗಿಯಲು ದಿನಾ ಕಾಣುವ ಹಕ್ಕಿ ಬೇಕು. ಊರಿನ ಕೆರೆ, ಗದ್ದೆ, ಬಂದರುಗಳ ಮೇಲೆ ಇರುವುದು, ಮೇಲಾಗಿ ಎದೆಗೆ ಬಿಳಿ ಶಾಲು ಹೊದ್ದದ್ದು ಇದೊಂದೇ.

ಆ ಶಾಲನ್ನು ಬೇರೆ ಬೇರೆ ಜನ ಬೇರೆ ಬೇರೆ ರೀತಿ ಓದಿದ್ದಾರೆ. ಬಂಗಾಳದವರಿಗೆ ಅದು ಶಂಖದ ಬಿಳಿ, ಹಕ್ಕಿಯ ಹೆಸರು ಶಂಖಚಿಲ್. ಹಿಂದಿಯ ಒಂದು ಹೆಸರಿನಲ್ಲಿ ಅಗಸನ ಮಡಿಬಟ್ಟೆ, ಧೋಬಿಯಾ ಚೀಲ್. ಇಂಗ್ಲಿಷರ ಬಾಯಲ್ಲಿ ಬ್ರಾಹ್ಮಿನಿ ಕೈಟ್. ಡಚ್ಚರ ಪೀಟರ್ ಬೊಡ್ಡಾರ್ಟ್ 1783ರಲ್ಲಿ ಶಾಸ್ತ್ರೀಯ ಹೆಸರಿಟ್ಟಾಗ ಎದುರಿಗಿದ್ದದ್ದು ಪುದುಚೇರಿಯ ಹಕ್ಕಿಯ ಚಿತ್ರ; ಆ ಹೆಸರಿನಲ್ಲಿ ದೇವರಿಲ್ಲ, 'ಇಂಡಸ್' ಎಂಬ ಊರಗುರುತು ಮಾತ್ರ. ಆಸ್ಟ್ರೇಲಿಯಾದ ಉತ್ತರ ಕರಾವಳಿಯಲ್ಲೂ ಈ ಹಕ್ಕಿ ಉಂಟು. ಅಲ್ಲಿ ಬೆನ್ನನ್ನು ನೋಡಿ ಕೆಂಪುಬೆನ್ನಿನ ಕಡಲಹದ್ದು ಎಂದೂ ಕರೆದರು.

ಗಿಡಬಳ್ಳಿಗಳನ್ನೂ ಈ ಹೆಸರು ಬಿಟ್ಟಿಲ್ಲ. ಬೇಲಿಯ ಮೇಲೆ ಹಬ್ಬುವ ದಾಗಡಿ ಬಳ್ಳಿಗೆ ಸಂಸ್ಕೃತದಲ್ಲಿ ಪಾತಾಳಗರುಡಿ. ಎಲೆ ಹಿಸುಕಿ ನೀರಿಗೆ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ನೀರೇ ಹಸಿರು ಲೋಳೆಯಾಗಿ ಗಟ್ಟಿಯಾಗುತ್ತದೆ. ಬಾಗಿಲ ಮುಂದೆ ದಾರದಲ್ಲಿ ತೂಗುಬಿಡುವ ಆಕಾಶಗರುಡ ಗೆಡ್ಡೆ ಇನ್ನೂ ವಿಚಿತ್ರ. ಮಣ್ಣಿಲ್ಲ, ನೀರಿಲ್ಲ, ಮಳೆಗಾಲದ ತೇವ ತಾಗಿದ್ದೇ ತಡ ನೆತ್ತಿಯಿಂದ ಬಳ್ಳಿ ಚಿಗುರುತ್ತದೆ. ಹಾವು ಹತ್ತಿರ ಸುಳಿಯುವುದಿಲ್ಲ ಎಂಬ ನಂಬಿಕೆ ಇದಕ್ಕೆ ಈ ಹೆಸರು ತಂದದ್ದು. ಹಾವು ಅದನ್ನು ಕಂಡು ಹೆದರುತ್ತದೆಂದು ನಾನು ನಂಬುವುದಿಲ್ಲ. ಗಾಳಿಯಲ್ಲೇ ಬದುಕುವ ಗೆಡ್ಡೆಗೆ ರೆಕ್ಕೆಯವನ ಹೆಸರಿಟ್ಟದ್ದು ಮಾತ್ರ ಒಪ್ಪುವಂತಿದೆ.

ಕಡಲು ದಾಟಿದ ಮೇಲೆ ಗರುಡನಿಗೆ ಇನ್ನೊಂದು ಕೆಲಸ ಸಿಕ್ಕಿತು. ಪೂರ್ವ ಜಾವಾದ ಮಲಾಂಗ್ ಹತ್ತಿರದ ಚಂಡಿ ಕಿಡಾಲ್, 13ನೇ ಶತಮಾನದ ದೇಗುಲ. ಅದರ ತಳಪಾದಿಯಲ್ಲಿ ಗರುಡನ ಮೂರು ಶಿಲ್ಪಗಳಿವೆ: ಹಾವುಗಳ ಜತೆ, ಅಮೃತ ಕಲಶದ ಜತೆ, ತಾಯಿಯ ಜತೆ. ವಿಷ್ಣು ಅಲ್ಲಿಲ್ಲ; ಕಥೆಯ ಜೀವ ಇರುವುದು ತಾಯಿಯ ದಾಸ್ಯ ಬಿಡಿಸಿದ್ದರಲ್ಲಿ. ಡಚ್ಚರ ಆಳ್ವಿಕೆ ಕಳೆದು ಇಂಡೋನೇಷ್ಯಾ 1950ರಲ್ಲಿ ರಾಷ್ಟ್ರಲಾಂಛನ ಆರಿಸಿಕೊಂಡಾಗ ಗರುಡನೇ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಮುಸ್ಲಿಮರು ಬಹುಸಂಖ್ಯಾತರಾದ ನಾಡು ಅದು. ಒಂದೊಂದು ರೆಕ್ಕೆಗೆ 17 ಗರಿ, ಬಾಲಕ್ಕೆ 8, ಕುತ್ತಿಗೆಗೆ 45. ಸ್ವಾತಂತ್ರ್ಯ ಸಾರಿದ 1945ರ ಆಗಸ್ಟ್ 17 ಹಕ್ಕಿಯ ಮೈಮೇಲೆಯೇ ಇದೆ. ಗರಿ ಎಣಿಸುವ ಚಟದವನಾದ ನನಗೆ ಇದು ಬಹಳ ಹಿಡಿಸಿತು. ಯಾವ ಹಕ್ಕಿ ಇದು ಎಂಬ ಪ್ರಶ್ನೆಗೆ ಅವರು ಬೆಟ್ಟು ಮಾಡಿ ತೋರಿಸುವುದು ಜಾವಾದ ಮಳೆಕಾಡಿನಲ್ಲಿ ಮಾತ್ರ ಇರುವ, ನೆತ್ತಿಯಲ್ಲಿ ಉದ್ದ ಜುಟ್ಟು ನೆಟ್ಟಗೆ ನಿಲ್ಲುವ ಜಾವಾ ಗಿಡುಗವನ್ನು. 1993ರಲ್ಲಿ ಅದಕ್ಕೆ ರಾಷ್ಟ್ರದ ಅಪರೂಪದ ಪ್ರಾಣಿ ಎಂಬ ಮಾನವೂ ಬಂತು. ನಮ್ಮ ಬಂದರಿನ ಕೆಂಪು ಹಕ್ಕಿ ಅಲ್ಲಿ ಜಕಾರ್ತಾ ನಗರದ ಗುರುತಾಗಿದೆ. ಆದರೆ ಜಾವಾದಲ್ಲಿ ಅದು ಈಗ ಕಾಣಸಿಗುವುದೇ ಕಷ್ಟ.

ಹೆಸರು ಹಕ್ಕಿಗೆ ಏನು ಮಾಡಬಲ್ಲದು ಎಂಬುದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಬಿಹಾರದ್ದು. ಭಾಗಲಪುರದ ಬಳಿ, ಗಂಗೆ ಮತ್ತು ಕೋಸಿ ನದಿಗಳ ಮೆಕ್ಕಲು ಬಯಲಿನಲ್ಲಿ ಕದ್ವಾ ದಿಯಾರಾ ಎಂಬ ಹಳ್ಳಿಗಾಡು. ಅಲ್ಲಿ ಗರುಡ ಎಂದರೆ ಹದ್ದಿನ ಜಾತಿಯೇ ಅಲ್ಲ, ಅದೊಂದು ಕೊಕ್ಕರೆ. ಎದೆಯೆತ್ತರ ನಿಲ್ಲುವ, ಬೋಳು ತಲೆಯ, ಕುತ್ತಿಗೆಯಲ್ಲಿ ಕೆಂಪು ಚೀಲ ಜೋತುಬಿದ್ದ, ಕೊಡಲಿ ಹಿಡಿಯಷ್ಟು ದಪ್ಪ ಕೊಕ್ಕಿನ ದೈತ್ಯ ಕೊಕ್ಕರೆ. ಹೆಣ, ಕಸ, ಮೂಳೆ ಏನಿದ್ದರೂ ನುಂಗುತ್ತದೆ. ಚೆಲುವಿನ ಮಾತೇ ಬೇಡ. 2006-07ರ ಸುಮಾರಿಗೆ ಅಲ್ಲಿನ ಪಕ್ಷಿಪ್ರಿಯರು ಅರಳಿ, ಕದಂಬ, ಬೂರುಗದ ಮರಗಳ ಮೇಲೆ ಅದರ ಗೂಡುಗಳನ್ನು ಗುರುತಿಸಿದರು. ಅದುವರೆಗೆ ಅಸ್ಸಾಂ ಮತ್ತು ಕಾಂಬೋಡಿಯಾ ಬಿಟ್ಟರೆ ಅದು ಮರಿ ಮಾಡುವ ಜಾಗ ಬೇರೆ ಗೊತ್ತಿರಲಿಲ್ಲ. ಊರಿನವರಿಗೆ ಅದು ವಿಷ್ಣುವಿನ ವಾಹನ. ಮನೆಯ ಹತ್ತಿರವೇ ಗೂಡು ಕಟ್ಟಲು ಬಿಟ್ಟರು, ಬೇಟೆಗಾರರನ್ನು ಅಟ್ಟಿದರು. ಗೂಡಿನಿಂದ ಬಿದ್ದ ಮರಿಗಳ ಆರೈಕೆಗೆ ಭಾಗಲಪುರದ ಸುಂದರವನದಲ್ಲಿ ಕೇಂದ್ರವೊಂದು ಎದ್ದಿತು.

ಅದೇ ಕೊಕ್ಕರೆಗೆ ಅಸ್ಸಾಮಿನಲ್ಲಿ ಹರ್‌ಗಿಲಾ ಎಂದು ಹೆಸರು. ಹರ್ ಎಂದರೆ ಮೂಳೆ, ಗಿಲಾ ಎಂದರೆ ನುಂಗುವುದು. ಮೂಳೆ ನುಂಗುವ ಆ ಹಕ್ಕಿ ಅಲ್ಲಿ ಅಪಶಕುನ. ಹೊಲಸು ತಂದು ಹಿತ್ತಿಲಿಗೆ ಬೀಳಿಸುತ್ತದೆಂದು ಗೂಡಿದ್ದ ಮರಗಳನ್ನೇ ಕಡಿಯುತ್ತಿದ್ದರು. ಇಲ್ಲಿ ನಾನು ತುಸು ನಿಲ್ಲಬೇಕಾಯಿತು. 'ಗಿಲಾ' ಬಂದದ್ದೂ ಗರುಡನಿಗೆ ವ್ಯಾಕರಣದವರು ಹೇಳುವ ಅದೇ 'ಗೄ' ಧಾತುವಿನಿಂದ. ಒಂದೇ ಹಕ್ಕಿ, ಒಂದೇ ನುಂಗುವಿಕೆ. ಗಂಗೆಯ ಬಯಲಿನಲ್ಲಿ ಅದು ದೇವರ ವಾಹನ, ಬ್ರಹ್ಮಪುತ್ರದ ದಂಡೆಯಲ್ಲಿ ಪೀಡೆ.

ಅಸ್ಸಾಮಿನಲ್ಲಿ ಮುಂದೆ ಆದದ್ದು ಇನ್ನೂ ಗಮನಿಸುವಂಥದ್ದು. ಕಾಮರೂಪ ಜಿಲ್ಲೆಯ ದಾದರಾ ಊರಿನ ಕಡೆ ಪಕ್ಷಿವಿಜ್ಞಾನಿ ಪೂರ್ಣಿಮಾ ದೇವಿ ಬರ್ಮನ್ ಹೆಂಗಸರನ್ನು ಸೇರಿಸಿಕೊಂಡು ಹರ್‌ಗಿಲಾ ಸೇನೆ ಕಟ್ಟಿದರು. ಅವರು ಹಕ್ಕಿಗೆ ಬೇರೆ ಹೆಸರು ತರಲಿಲ್ಲ, ಗರುಡ ಎಂದು ಕರೆಯಿರಿ ಎನ್ನಲಿಲ್ಲ. ಹಕ್ಕಿ ಗೂಡಿಗೆ ಬರುವ ಕಾಲಕ್ಕೆ ಬಸುರಿಗೆ ಮಾಡುವ ಹಾಗೆ ಸೀಮಂತ ಮಾಡಿದರು, ಗಮೋಸಾದಲ್ಲಿ ಮೇಖಲಾದಲ್ಲಿ ಅದರ ಚಿತ್ರ ನೇಯ್ದು ಮಾರಿದರು, ಗೂಡಿರುವ ಮರದ ಒಡೆಯರಿಗೆ ಊರೆದುರು ಮರ್ಯಾದೆ ಮಾಡಿದರು. ಮೂಳೆ ನುಂಗುವ ಹಕ್ಕಿ ಅದೇ ಹೆಸರಿನಲ್ಲೇ ಮನೆಮಗಳಾಯಿತು. ಅಳಿವಿನ ಅಂಚಿನ ಪಟ್ಟಿಯಲ್ಲಿದ್ದ ಈ ಕೊಕ್ಕರೆಯನ್ನು 2023ರಲ್ಲಿ ಕಡಿಮೆ ಅಪಾಯದ ವರ್ಗಕ್ಕೆ ಇಳಿಸಿದರು.

ಗಂಗೊಳ್ಳಿಗೆ ಮರಳುತ್ತೇನೆ. ಮಾರ್ಚ್ ಹೊತ್ತಿಗೆ ಹೊಳೆಬದಿಯ ತೋಟಗಳಲ್ಲಿ ಮರಿಗಳು ಗೂಡಿನ ಅಂಚಿಗೆ ಬಂದು ರೆಕ್ಕೆ ಬಡಿಯುತ್ತಿರುತ್ತವೆ. ಹಾರಲು ಕಲಿತ ಮೇಲೆ ಅವುಗಳಿಗೆ ಒಂದು ಆಟವಿದೆ: ಎಲೆಯೊಂದನ್ನು ಕಿತ್ತು ಮೇಲಕ್ಕೆ ಒಯ್ಯುವುದು, ಬಿಡುವುದು, ಅದು ತೂರಾಡುತ್ತ ಬೀಳುವಾಗ ಹಿಂದೆಯೇ ಎರಗಿ ಹಿಡಿಯುವುದು. ಹೆಚ್ಚಿನ ಸಲ ಎಲೆಯೇ ಗೆಲ್ಲುತ್ತದೆ. ಜೂನ್ 1ರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಮೀನಿಲ್ಲದ ದಕ್ಕೆಯ ಮೇಲೆ ಗರುಡಗಳೂ ವಿರಳವಾಗುತ್ತವೆ. ಅಷ್ಟರೊಳಗೆ ಮರಿಗಳು ಹಿಡಿಯುವುದನ್ನು ಕಲಿತಿರಬೇಕು.

ಗೂಡು ಇರುವುದು ತೆಂಗಿನ ಮರದ ನೆತ್ತಿಯಲ್ಲಿ, ಕಾಯಿ ಕೀಳುವುದೂ ಅಲ್ಲೇ. ಒಂದು ತೋಟದ ಯಜಮಾನರು ಗರುಡನ ಗೂಡಿರುವ ಮರಕ್ಕೆ ಮರಿ ಹಾರುವ ತನಕ ಆಳು ಹತ್ತಿಸುವುದಿಲ್ಲ. ಕಾಯಿ ಒಣಗಿ ತಾನಾಗಿ ಬಿದ್ದರೆ ಬೀಳಲಿ ಎನ್ನುತ್ತಾರೆ. ಬೇಲಿಗೆ ತಾಗಿದ ಇನ್ನೊಂದು ಮರದಲ್ಲೂ ಕಡ್ಡಿಯ ಗೂಡಿತ್ತು. ಆಳು ಸೊಂಟಕ್ಕೆ ಕತ್ತಿ ಸಿಕ್ಕಿಸಿ ನಿಂತಿದ್ದ. ನನ್ನ ಕೊರಳಿನ ಬೈನಾಕ್ಯುಲರ್ ಕಂಡು ಯಜಮಾನರು ಕೇಳಿದರು, "ಇದೂ ಗರುಡಂದೇ ಅಲ್ದಾ ಸರ್?"

ಮೇಲೆ ನೋಡಿದೆ. ಗೂಡಿನಿಂದ ಹೊರಗೆ ಚಾಚಿದ್ದ ಬಾಲ ಸ್ಪಷ್ಟವಾಗಿ ಕವಲೊಡೆದಿತ್ತು.

"ಹೌದು, ಗರುಡನದ್ದೇ" ಎಂದೆ. ಆಳು ಕತ್ತಿ ಬಿಚ್ಚಿಟ್ಟು ಬೀಡಿ ಹಚ್ಚಿದ.